ರೆವಿಟ್‌ನಲ್ಲಿ ಕೆಲಸದ ವೇಗ: ಕಂಪ್ಯೂಟರಿಗಿಂತ ಮೊದಲು ಮಾಡೆಲ್ ನೋಡಿ

ನಮ್ಮಂಥ ಅನೇಕ ವಾಸ್ತುವಿನ್ಯಾಸ ಕಚೇರಿಗಳಲ್ಲಿ ಬಿಐಎಂ (ಕಟ್ಟಡವನ್ನು ಮಾಹಿತಿಸಹಿತ ಮೂರು ಆಯಾಮದ ಮಾಡೆಲ್ ಆಗಿ ರೂಪಿಸುವ ವಿಧಾನ) ಎಂದರೆ ಆಟೋಡೆಸ್ಕ್‌ನ ರೆವಿಟ್ ಎಂದೇ ರೂಢಿಯಾಗಿದೆ. 2000ದಲ್ಲಿ ಮಾರುಕಟ್ಟೆಗೆ ಬಂದು 2002ರಲ್ಲಿ ಆಟೋಡೆಸ್ಕ್‌ನ ಪಾಲಾದ ಈ ತಂತ್ರಾಂಶದಲ್ಲಿ ಒಂದು ಗೋಡೆಯನ್ನು ಸರಿಸಿದರೆ ಪ್ಲಾನ್, ಸೆಕ್ಷನ್, ಎಲಿವೇಶನ್, ಬಾಗಿಲು-ಕಿಟಕಿಗಳ ಪಟ್ಟಿ ಎಲ್ಲವೂ ತಾವಾಗಿಯೇ ಬದಲಾಗುತ್ತವೆ. ಇದರ ಅತಿ ದೊಡ್ಡ ಗುಣ ಇದೇ. ವೇಗದ ತೊಡಕು ಹುಟ್ಟುವುದೂ ಇಲ್ಲಿಯೇ. ಒಂದಕ್ಕೊಂದು ಹೆಣೆದುಕೊಂಡ ಭಾಗಗಳ ಲೆಕ್ಕವನ್ನು ಸರದಿಯಂತೆ ಮಾಡಬೇಕಾದ್ದರಿಂದ, ಎಡಿಟಿಂಗ್‌ನ ಬಹುಪಾಲು ಕೆಲಸ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಬೀಳುತ್ತದೆ.

ಹೀಗಾಗಿ, ಹೆಚ್ಚು ಕೋರ್‌ಗಳಿವೆ ಎಂಬ ಕಾರಣಕ್ಕೆ ದುಬಾರಿ ಪ್ರೊಸೆಸರ್ ಕೊಳ್ಳುವುದಕ್ಕಿಂತ ಒಂದೊಂದು ಕೋರ್ ಎಷ್ಟು ವೇಗದ್ದು ಎಂದು ನೋಡುವುದು ಒಳ್ಳೆಯದು. ಎಲ್ಲ ಕೋರ್‌ಗಳೂ ದುಡಿಯುವುದು ಮುಖ್ಯವಾಗಿ ಮಾಡೆಲ್ ಅನ್ನು ನೈಜ ಚಿತ್ರದಂತೆ ಮೂಡಿಸುವ ರೆಂಡರಿಂಗ್‌ನಲ್ಲಿ. ಮೆಮೊರಿಗೆ (ರ‍್ಯಾಮ್) ಹಳೆಯದೊಂದು ಅಂದಾಜಿದೆ: ಫೈಲ್ ಗಾತ್ರದ 20 ಪಟ್ಟು. 300 ಎಂಬಿಯ ಮಾಡೆಲ್‌ಗೆ ಸುಮಾರು 6 ಜಿಬಿ. ಸ್ಟ್ರಕ್ಚರ್ ಮತ್ತು ಸರ್ವಿಸಸ್ (ನೀರು, ವಿದ್ಯುತ್ ಮುಂತಾದ ವ್ಯವಸ್ಥೆ) ತಂಡಗಳ ಮಾಡೆಲ್‌ಗಳ ಲಿಂಕ್‌ಗಳು ಸೇರಿದರೆ ಅದು ಇನ್ನೂ ಏರುತ್ತದೆ. ಎಸ್‌ಎಸ್‌ಡಿ ಇರಲೇಬೇಕು. ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದಾದರೂ ನಡೆಯುತ್ತದೆ.

ಇಷ್ಟೆಲ್ಲ ಇದ್ದೂ ಕೆಲಸ ತೆವಳಬಹುದು ಎಂಬುದನ್ನು ನಾನು ಒಂದು ಆಸ್ಪತ್ರೆ ಕಟ್ಟಡದ ಮಾಡೆಲ್‌ನಲ್ಲಿ ಕಂಡೆ. ಹೊಸ ಕಂಪ್ಯೂಟರ್ ಬಂದ ಮೇಲೂ ಫೈಲ್ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಒಳಹೊಕ್ಕು ನೋಡಿದಾಗ, ತಯಾರಕರ ಜಾಲತಾಣದಿಂದ ಇಳಿಸಿಕೊಂಡ ನಲ್ಲಿಯ ಫ್ಯಾಮಿಲಿಯಲ್ಲಿ (ಮಾಡೆಲ್‌ನಲ್ಲಿ ಮತ್ತೆ ಮತ್ತೆ ಬಳಸುವ ಸಿದ್ಧ ಘಟಕ) ತಿರುಪಿನ ಎಳೆಗಳವರೆಗೆ ಎಲ್ಲವನ್ನೂ ಮೂರು ಆಯಾಮದಲ್ಲಿ ರೂಪಿಸಿದ್ದರು. ಅದೇ ನಲ್ಲಿ ಪ್ರತಿ ಶೌಚಾಲಯದಲ್ಲೂ ಇತ್ತು. 1:100ರ ನಕ್ಷೆಯಲ್ಲಿ ಆ ಎಳೆಗಳನ್ನು ಯಾರೂ ನೋಡುವುದಿಲ್ಲ. ಅದರ ಜೊತೆಗೆ ಲಿಂಕ್ ಮಾಡುವ ಬದಲು ಇಂಪೋರ್ಟ್ ಮಾಡಿ ಬಿಡಿ ಗೆರೆಗಳಾಗಿ ಒಡೆದ ಕ್ಯಾಡ್ ಫೈಲುಗಳು, ಯಾರೂ ಬಳಸದ ವ್ಯೂಗಳು, ಒಂದರ ಮೇಲೊಂದು ಕೂತ ಗೋಡೆಗಳಿಂದ ರಾಶಿಬಿದ್ದ, ದೋಷಗಳನ್ನು ತೋರಿಸಿ ರೆವಿಟ್ ಕೊಡುವ ವಾರ್ನಿಂಗ್‌ಗಳು. ನಲ್ಲಿಗೆ ಸರಳ ಫ್ಯಾಮಿಲಿ ಹಾಕಿ, ವಾರ್ನಿಂಗ್‌ಗಳನ್ನು ಒಂದೊಂದಾಗಿ ಬಿಡಿಸಿ, ಪರ್ಜ್ (ಬಳಸದ್ದನ್ನು ತೆಗೆದುಹಾಕುವುದು) ಮತ್ತು ಆಡಿಟ್ (ಫೈಲಿನ ದೋಷ ಹುಡುಕಿ ಸರಿಪಡಿಸುವುದು) ಮಾಡಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಮಾಡೆಲ್ ಹಗುರಾಗಿ ಓಡಾಡತೊಡಗಿತು. ಆ ದಿನದ ಸಮಾಧಾನ ನನಗೆ ಇನ್ನೂ ನೆನಪಿದೆ.

ತಂಡವಾಗಿ ದುಡಿಯುವಲ್ಲಿ ಸೆಂಟ್ರಲ್ ಫೈಲ್ (ಎಲ್ಲರ ಕೆಲಸ ಸೇರುವ ಮೂಲ ಫೈಲ್) ಇನ್ನೊಂದು ಇಕ್ಕಟ್ಟಿನ ಜಾಗ. ಒಬ್ಬರು ಸಿಂಕ್ ಮಾಡುತ್ತಿರುವಾಗ (ತಮ್ಮ ಬದಲಾವಣೆಗಳನ್ನು ಅದಕ್ಕೆ ಸೇರಿಸುತ್ತಿರುವಾಗ) ಇನ್ನೊಬ್ಬರು ಕಾಯಬೇಕಾಗುವುದರಿಂದ, ಊಟದ ಹೊತ್ತಿಗೋ ಸಂಜೆಗೋ ಎಲ್ಲರೂ ಒಟ್ಟಿಗೆ ಸಿಂಕ್ ಒತ್ತಿದರೆ ಸಾಲು ಬೆಳೆಯುತ್ತದೆ. ಸರದಿ ಹಂಚಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಬೇಡದ ವರ್ಕ್‌ಸೆಟ್‌ಗಳನ್ನು (ಮಾಡೆಲ್‌ನ ಭಾಗಗಳನ್ನು ವಿಂಗಡಿಸಿದ ಗುಂಪುಗಳು) ಮುಚ್ಚಿಟ್ಟು ಫೈಲ್ ತೆರೆಯುವ ಅಭ್ಯಾಸವೂ ಬಹಳ ನೆರವಾಗುತ್ತದೆ. ಮನೆಯಿಂದ ವಿಪಿಎನ್ ಮೂಲಕ ಕಚೇರಿಯ ಸರ್ವರಿನಲ್ಲಿರುವ ಸೆಂಟ್ರಲ್ ಫೈಲ್ ಮೇಲೆ ಕೆಲಸ ಮಾಡುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಅಂಥ ತಂಡಗಳು ಸೆಂಟ್ರಲ್ ಫೈಲನ್ನು ಅಂತರ್ಜಾಲದಲ್ಲಿ ಇಡುವ ಕ್ಲೌಡ್ ವರ್ಕ್‌ಶೇರಿಂಗ್‌ಗೆ ಹೋಗುವುದೇ ಸರಿ, ಅದರ ಚಂದಾ ಬೇರೆಯಾಗಿ ಕಟ್ಟಬೇಕಾದರೂ.

ಕರಾರುವಾಕ್ಕಾದ ನಕ್ಷೆ ಬೇಕಾದ ಕಚೇರಿಗೆ ರೆವಿಟ್ ಅನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಹೊಸ ಕಂಪ್ಯೂಟರಿಗೆ ಬೆಲೆಪಟ್ಟಿ ತರಿಸುವ ಮುನ್ನ ಒಮ್ಮೆ ಮ್ಯಾನೇಜ್ ಟ್ಯಾಬ್ ತೆರೆದು ವಾರ್ನಿಂಗ್‌ಗಳ ಸಂಖ್ಯೆ ನೋಡಿ.