ಹೆಸರು ಗೊತ್ತಿಲ್ಲದ ಮರದ ತುಂಡನ್ನು ಲೇತಿಗೆ ಏರಿಸಬೇಡಿ

ಮನೆಯಲ್ಲಿ ಸಣ್ಣ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಸೂಜಿ ಡಬ್ಬಿ, ದಾರದ ಉರುಳೆ, ಹೊಲಿಗೆ ಬಿಚ್ಚುವ ಕೊಕ್ಕೆಯ ಹಿಡಿ ಕಡೆಯುವವರೆಲ್ಲ ದಯವಿಟ್ಟು ಇದನ್ನು ಓದಿ. ಯಾವ ಮರವೆಂದು ಖಚಿತವಾಗಿ ಹೇಳಲಾರದವರಿಂದ ಮೂಟೆ ಲೆಕ್ಕದಲ್ಲಿ ತುಂಡು ಕೊಳ್ಳಬೇಡಿ. ನಮಗೆ ಸಿಕ್ಕ ಮೂಟೆಯಲ್ಲಿ, ಸೊನೆ ತಾಗಿದರೆ ಚರ್ಮ ಸುಡುವ ಹೊಳಗೇರು ಮರ ಸೇರಿಕೊಂಡಿತ್ತು.

ಶಿರಸಿಯ ಹೊರಗಿನ ಸಾಮಿಲ್ ಒಂದರಲ್ಲಿ, "ಎಲ್ಲವೂ ಹಲಸು, ಹೆಬ್ಬಲಸು, ಚೆನ್ನಾಗಿ ಒಣಗಿದ್ದು" ಎಂದು ಹೇಳಿಯೇ ಕೊಟ್ಟರು. ಎಲೆ, ತೊಗಟೆ ಇದ್ದರೆ ಹೊಳಗೇರನ್ನು ನಮ್ಮ ಕಡೆಯ ಮಕ್ಕಳೂ ಗುರುತಿಸಿ ದೂರ ಸರಿಯುತ್ತಾರೆ. ತೊಗಟೆ ಕೆತ್ತಿ ಚೌಕಕ್ಕೆ ಸೀಳಿದ ಮೇಲೆ ಅದೂ ಒಂದು ತುಂಡು, ಇದೂ ಒಂದು ತುಂಡು.

ಸೂಜಿ ಡಬ್ಬಿಗೆ ಒಳಗೆ ತೂತು ಕೊರೆಯುವಾಗ ಬಿಟ್ಟಿನ ಸುರುಳಿಗೆ ಒದ್ದೆ ಹುಡಿ ಮೆತ್ತಿಕೊಂಡು ಬಂತು. ಫೋನ್ ಮಾಡಿ ಕೇಳಿದರೆ, "ಹಲಸಿನ ಹಾಲು, ಒರೆಸಿಬಿಡಿ" ಎಂಬ ಉತ್ತರ. ಹಲಸಿನ ಹಾಲು ಬೆಳ್ಳಗಿರುತ್ತದೆ. ಇದನ್ನು ಒರೆಸಿದ ಬಟ್ಟೆ ಮರುದಿನ ನೋಡಿದಾಗ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ಅಷ್ಟರಲ್ಲಿ ನನ್ನ ಬೆರಳ ಸಂದಿಯಲ್ಲಿ ತುರಿಕೆ ಶುರುವಾಗಿತ್ತು. ಆಮೇಲೆ ಮುಂಗೈ ತುಂಬ ನೀರುಗುಳ್ಳೆ. ಡಬ್ಬಿಗಳಿಗೆ ಪಾಲಿಶ್ ಪೇಪರ್ ಉಜ್ಜಿಕೊಟ್ಟ ಅತ್ತಿಗೆಗೆ ಕುತ್ತಿಗೆಯೆಲ್ಲ ಕೆಂಪಾಗಿ, ಕಣ್ಣಿನ ರೆಪ್ಪೆ ತೆರೆಯಲಾಗದಷ್ಟು ಊದಿಕೊಂಡಿತು. ಅವರು ಲೇತಿನ ಹತ್ತಿರವೂ ಹೋದವರಲ್ಲ. ಹುಡಿಯೇ ಸಾಕಾಯಿತು.

ಮಾವು, ಗೋಡಂಬಿ, ಹೊಳಗೇರು ಎಲ್ಲವೂ ಒಂದೇ ಕುಟುಂಬದ ಮರಗಳು. ಹಿಂದೆ ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದ ಕರಿಗೇರು ಕೂಡ ಅದೇ ಕುಟುಂಬದ್ದು. ಹೊಳಗೇರಿನ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮವನ್ನು ಸುಡುತ್ತದೆ. ಇಂಥ ಸೊನೆ ತಾಗಿದ ತಕ್ಷಣ ಏನೂ ತಿಳಿಯದೆ ಇರಬಹುದು. ತುರಿಕೆ, ಗುಳ್ಳೆ ಏಳುವುದು ಎಷ್ಟೋ ಬಾರಿ ಮರುದಿನ ಅಥವಾ ಅದರ ಮರುದಿನ. ಅಷ್ಟರಲ್ಲಿ ಅದು ಉಳಿಯ ಹಿಡಿಗೆ, ಬಾಗಿಲ ಚಿಲಕಕ್ಕೆ, ಟವೆಲ್ಲಿಗೆ ದಾಟಿರುತ್ತದೆ.

ಕೈಗವಸು ಹಾಕಿಕೊಳ್ಳಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ತಿರುಗುವ ಲೇತಿನ ಮುಂದೆ ಕೈಗವಸು ಹಾಕಲೇಬಾರದು. ಬಟ್ಟೆಯ ಒಂದು ಎಳೆ ಸಿಕ್ಕಿಕೊಂಡರೂ ಬೆರಳು ಸಮೇತ ಎಳೆದುಕೊಳ್ಳುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಡಬ್ಬಿ ಕಡೆಯುವಾಗ ಬರಿಗೈ ಮರಕ್ಕೆ ತಾಗಿಕೊಂಡೇ ಇರುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಮರವೇ ನಿರಪಾಯವಾಗಿರಬೇಕು, ಬೇರೆ ದಾರಿಯಿಲ್ಲ. ಮಾರುವವರಿಗೆ ಇದು ತಿಳಿಯದ ವಿಷಯವೇನಲ್ಲ.

ಸಾಮಿಲ್‌ಗೆ ಹೋಗಿ ಕೇಳಿದಾಗ, "ಪಾಲಿಶ್ ಹೊಡೆದು ಮಾರಿ, ಏನೂ ಆಗುವುದಿಲ್ಲ" ಎಂದರು. ಬಿಲ್ ಕೊಟ್ಟಿರಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ಹಣ ಹೋಗಲಿ, ಆ ಮಾತು ನನಗೆ ಇಂದಿಗೂ ಸಹಿಸಲಾಗುತ್ತಿಲ್ಲ. ಮುಚ್ಚಳ ಕೂರುವ ಕಂಠಕ್ಕೆ ಪಾಲಿಶ್ ಹಾಕಿದರೆ ಬಿಗಿ ಕೆಡುತ್ತದೆಂದು ಅಲ್ಲಿ ಮರವನ್ನು ಹಾಗೆಯೇ ಬಿಡುತ್ತೇವೆ. ಕೈ ತಾಗುವುದೂ ಅಲ್ಲಿಯೇ. ಆ ಡಬ್ಬಿಗಳು ಹೋಗಬೇಕಿದ್ದುದು ಯಲ್ಲಾಪುರದ ಕಡೆ ಕೌದಿ ಹೊಲಿಯುವ ಸಿದ್ದಿ ಹೆಂಗಸರಿಗೆ. ಡಬ್ಬಿಯಿಂದ ತೆಗೆದ ಸೂಜಿಯನ್ನು ದಾರ ಹುಡುಕುವಷ್ಟು ಹೊತ್ತು ತುಟಿಯ ನಡುವೆ ಕಚ್ಚಿಕೊಳ್ಳುವ ಅಭ್ಯಾಸ ಹೊಲಿಯುವ ಎಷ್ಟೋ ಜನರಿಗಿದೆ. ನಿಜವಾದ ಹಲಸಿನಲ್ಲಿ ಕಡೆದವಕ್ಕೂ ಅದೇ ಹುಡಿ ಕೂತಿದ್ದರಿಂದ ಒಂದನ್ನೂ ಕಳಿಸಲಿಲ್ಲ.

ಮರದ ಹೆಸರು ಬರೆದ ಬಿಲ್ ಕೇಳಿ. ತೊಗಟೆ ಇರುವ ತುಂಡನ್ನೇ ಕೊಂಡು ನೀವೇ ಸೀಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಅನುಮಾನ ಬಂದ ತುಂಡಿನ ಹೊಸ ಕೊಯ್ತದ ಮುಖಕ್ಕೆ ಬಿಳಿ ಬಟ್ಟೆ ಒತ್ತಿ ರಾತ್ರಿಯಿಡೀ ಬಿಡಿ. ಕಪ್ಪು ಕಲೆ ಬಿದ್ದರೆ ಆ ತುಂಡು ಬೇಡ. ಕಲೆ ಬೀಳದಿದ್ದ ಮಾತ್ರಕ್ಕೆ ಹೆಸರು ಗೊತ್ತಿಲ್ಲದ ಮರವನ್ನು ನಂಬಬೇಡಿ. ಸೊನೆ ತಾಗಿದರೆ ಕೂಡಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ. ಉಗುರಿನ ಸಂದಿಯನ್ನು ಮರೆಯಬೇಡಿ. ಮುಖ, ಕಣ್ಣು ಊದಿದರೆ ಮನೆಮದ್ದು ಹಚ್ಚುತ್ತ ಕೂರದೆ ವೈದ್ಯರ ಬಳಿ ಹೋಗಿ.

ಇನ್ನೊಂದು ಮಾತು. ಕಡೆದ ಚಕ್ಕೆಯನ್ನು ಬಚ್ಚಲ ಒಲೆಗೆ ಹಾಕುವುದು ನಮ್ಮಲ್ಲಿ ರೂಢಿ. ಇದನ್ನು ಮಾತ್ರ ಸುಡಬೇಡಿ, ಸೊನೆ ಹೊಗೆಯೊಂದಿಗೆ ಕಣ್ಣು, ಗಂಟಲಿಗೆ ಸೇರಬಹುದು. ಜನ, ದನ ಓಡಾಡದ ಕಡೆ ಗುಂಡಿ ತೋಡಿ ಹುಗಿದುಬಿಡಿ.