ಒಂದೇ ಸರ್ವರ್, ನಾಲ್ಕೈದು ವಿಎಂ: ಫೈಲ್ ಹಂಚಲು ಯಾವುದು ವಾಸಿ?

ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸೆಕೆಂಡ್‌ಹ್ಯಾಂಡ್ ಸರ್ವರ್ ತಂದು, ಒಂದೇ ಸರ್ವರ್‌ನಲ್ಲಿ ಹಲವು ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರ್) ನಡೆಸುವ ಪ್ರಾಕ್ಸ್‌ಮಾಕ್ಸ್ ಹಾಕಿದ್ದೀರಿ. ಈಗ ಎಲ್ಲ ವಿಎಂಗಳಿಗೂ ಒಂದೇ ಫೋಲ್ಡರ್ ಕಾಣಬೇಕು, ಅಲ್ವಾ? ಒಂದೇ ವರ್ಚುವಲ್ ಡಿಸ್ಕನ್ನು ಎರಡು ವಿಎಂಗೆ ಜೋಡಿಸಲು ಮಾತ್ರ ಹೋಗಬೇಡಿ. ಇಎಕ್ಸ್‌ಟಿ4 (ಲಿನಕ್ಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಮಾಮೂಲಿ ವಿಧಾನ) ಇರುವುದು ಒಂದು ಸಲಕ್ಕೆ ಒಂದೇ ಮಷೀನಿಗೆ. ಎರಡು ಕಡೆಯಿಂದ ಬರೆದರೆ ಡೇಟಾ ಹಾಳಾಗುತ್ತದೆ.

ವಿಎಂಗಳೆಲ್ಲ ಲಿನಕ್ಸ್ ಆದರೆ ನನ್ನ ಓಟು ಎನ್‌ಎಫ್‌ಎಸ್‌ಗೆ, ಅಂದರೆ ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವಿಧಾನಕ್ಕೆ. 1984ರಿಂದ ಇರುವ ಗಟ್ಟಿ ವ್ಯವಸ್ಥೆ. ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ (ಯಾವ ಫೋಲ್ಡರ್ ಯಾರಿಗೆ ಎಂಬ ಪಟ್ಟಿ) ಒಂದು ಸಾಲು, ವಿಎಂನಲ್ಲಿ ಒಂದು ಮೌಂಟ್ (ಆ ಫೋಲ್ಡರನ್ನು ಜೋಡಿಸಿಕೊಳ್ಳುವುದು), ಅಷ್ಟೇ. ವಿಎಂಗಳು ಒಂದೇ ಬ್ರಿಡ್ಜ್‌ನಲ್ಲಿದ್ದರೆ (ಸರ್ವರ್ ಒಳಗಿನ ವರ್ಚುವಲ್ ಸ್ವಿಚ್) ಡೇಟಾ ಸರ್ವರ್‌ನಿಂದ ಹೊರಗೇ ಹೋಗುವುದಿಲ್ಲ, ಹಾಗಾಗಿ 1 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಅಡ್ಡ ಬರಲ್ಲ. ತಲೆನೋವು ಪರ್ಮಿಶನ್‌ನದು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಎನ್‌ಎಫ್‌ಎಸ್ ನೋಡುವುದು ಯೂಸರ್ ಹೆಸರನ್ನಲ್ಲ, ನಂಬರನ್ನು. ಒಂದು ವಿಎಂನಲ್ಲಿ 1000 ನೀವು, ಇನ್ನೊಂದರಲ್ಲಿ 1000 ಬೇರೆಯವರು ಅಂದರೆ ನಿಮ್ಮ ಫೈಲ್ ಅವರದ್ದಾಗುತ್ತದೆ. ಯೂಸರ್ ನಂಬರ್‌ಗಳನ್ನು ಮೊದಲೇ ಹೊಂದಿಸಿಕೊಳ್ಳಿ.

ಇನ್ನೊಂದು ದಾರಿ ವರ್ಟಿಯೋಎಫ್‌ಎಸ್, ಅದಕ್ಕೆ ನೆಟ್‌ವರ್ಕೇ ಬೇಡ. ಹೋಸ್ಟ್‌ನ (ವಿಎಂಗಳನ್ನು ನಡೆಸುವ ಸರ್ವರ್‌ನ) ಫೋಲ್ಡರ್ ನೇರವಾಗಿ ವಿಎಂ ಒಳಗೆ ಕಾಣುತ್ತದೆ. ಲಿನಕ್ಸ್ ಕರ್ನಲ್ 5.4ರಿಂದ ಇದೆ, ಪ್ರಾಕ್ಸ್‌ಮಾಕ್ಸ್ 8.4ರಲ್ಲಿ ಸೆಟ್ಟಿಂಗ್ಸ್‌ಗೇ ಬಂತು. ಆದರೆ ಅದರಲ್ಲಿ ಲೈವ್ ಮೈಗ್ರೇಶನ್ (ಓಡುತ್ತಿರುವಾಗಲೇ ವಿಎಂ ಇನ್ನೊಂದು ಸರ್ವರ್‌ಗೆ ಸಾಗಿಸುವುದು) ಆಗಲ್ಲ. ಒಂದೇ ಸರ್ವರ್ ಇರುವವರಿಗೆ ಅದು ದೊಡ್ಡ ನಷ್ಟವಲ್ಲ. ರ‍್ಯಾಮ್ ಸಮೇತ ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿಯ ನಕಲು) ತೆಗೆಯಲೂ ಆಗಲ್ಲ, ಇದು ಮಾತ್ರ ನಿಜಕ್ಕೂ ಕಾಡುತ್ತದೆ.

ಆಫೀಸಿನಲ್ಲಿ ವಿಂಡೋಸ್ ಇದೆಯಾ? ಸುಮ್ನೆ ಸಾಂಬಾ ಹಾಕಿ, ಅದು ವಿಂಡೋಸ್‌ಗೂ ಫೋಲ್ಡರ್ ಹಂಚುವ ಸಾಫ್ಟ್‌ವೇರ್.

ಯಾವುದೇ ಆರಿಸಿ, ಹೋಸ್ಟ್‌ನಲ್ಲಿರುವ ಫೋಲ್ಡರ್ ವಿಎಂ ಬ್ಯಾಕಪ್ ಒಳಗೆ ಬರುವುದಿಲ್ಲ. ಅದಕ್ಕೆ ಬೇರೆಯೇ ಬ್ಯಾಕಪ್ ಇಡಿ, ಅದೂ ಇನ್ನೊಂದು ಡಿಸ್ಕಿನಲ್ಲಿ.