ಅಂಕೋರ್ ನೋಡಲು ಯಾವುದು ಮೇಲು: ಪ್ಯಾಕೇಜ್ ಬಸ್ಸೋ, ಟುಕ್‌ಟುಕ್ಕೋ, ಸೈಕಲ್ಲೋ?

ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ತಂಗಿ ಅಂಕೋರ್ ದೇವಾಲಯಗಳನ್ನು ನೋಡಲು ಹೊರಡುವವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ಗೈಡ್, ಊಟ, ಸಂಜೆಯ ನೃತ್ಯ ಎಲ್ಲವೂ ಸೇರಿದ ಪ್ಯಾಕೇಜ್ ಬಸ್ಸು, ದಿನದ ಬಾಡಿಗೆಯ ಟುಕ್‌ಟುಕ್, ಇಲ್ಲವೇ ಬಾಡಿಗೆ ಸೈಕಲ್. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಟುಕ್‌ಟುಕ್ಕಿಗೆ, ಅದೂ ಮೂರು ದಿನದ ಟಿಕೆಟ್‌ನೊಂದಿಗೆ. ಗೋಡೆಯ ಶಿಲ್ಪದ ಮುಂದೆ ನಿಂತು ಇದು ಯಾವ ಪರ್ವದ ಕಥೆ, ಇವನು ಯಾರು ಎಂದು ಗುರುತಿಸುತ್ತಾ ಹೋಗುವ ಅಭ್ಯಾಸ ನನ್ನದು. ಆ ಅಭ್ಯಾಸಕ್ಕೂ ಬಸ್ಸಿನ ವೇಳಾಪಟ್ಟಿಗೂ ಹೊಂದಾಣಿಕೆಯಾಗಲಿಲ್ಲ.

ಬಸ್ಸಿನ ತೊಂದರೆ ಅಲ್ಲಿನ ಅತಿ ದೊಡ್ಡ ದೇವಾಲಯವಾದ ಅಂಕೋರ್ ವಾಟ್‌ನಲ್ಲೇ ಎದುರಾಯಿತು. ಒಂದೊಂದು ಹೋಟೆಲಿನ ಮುಂದೆ ನಿಂತು ಜನರನ್ನು ಹತ್ತಿಸಿಕೊಂಡು, ದೇವಾಲಯದಿಂದ ದೂರದಲ್ಲಿರುವ ಟಿಕೆಟ್ ಕಚೇರಿಯಲ್ಲಿ ಪ್ರತಿಯೊಬ್ಬರೂ ಟಿಕೆಟ್ಟಿನ ಮೇಲೆ ಅಚ್ಚಾಗುವ ಫೋಟೊ ತೆಗೆಸಿಕೊಂಡು, ಕಂದಕದ ಸೇತುವೆ ದಾಟುವ ಹೊತ್ತಿಗೆ ಊರಿನ ಬಸ್ಸುಗಳೆಲ್ಲವೂ ಅಲ್ಲಿಗೆ ಬಂದು ಸೇರಿದ್ದವು. ನಮಗೆ ಕೊಟ್ಟದ್ದು ಒಂದೂವರೆ ಗಂಟೆ. ಅದರಲ್ಲಿ ಕೆಳಗಿನ ಶಿಲ್ಪಗಳ ಮೊಗಸಾಲೆಯನ್ನು ನೋಡಬೇಕು, ಬಾಕಾನ್ ಎಂದು ಕರೆಯುವ ಮೂರನೆಯ ಅಂತಸ್ತನ್ನೂ ಹತ್ತಬೇಕು. ಬಾಕಾನಿಗೆ ಒಮ್ಮೆಗೆ ಇಂತಿಷ್ಟೇ ಜನ ಎಂಬ ಮಿತಿಯಿರುವುದರಿಂದ ಕೆಳಗೆ ಬಿಸಿಲಿನಲ್ಲಿ ಉದ್ದನೆಯ ಸಾಲು ನಿಂತಿರುತ್ತದೆ; ಆ ಸಾಲಿಗೆ ಸೇರಿದವರಿಗೆ ಮೊಗಸಾಲೆ ಇಲ್ಲ, ಮೊಗಸಾಲೆಗೆ ಹೋದವರಿಗೆ ಬಾಕಾನ್ ಇಲ್ಲ.

ಸಾಲು ಮುಗಿಸಿ ಮೆಟ್ಟಿಲ ಬುಡಕ್ಕೆ ಬಂದ ಮೇಲೂ ಎಲ್ಲರಿಗೂ ಪ್ರವೇಶ ಸಿಗಲಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕೆಂಬ ನಿಯಮವನ್ನು ಅಲ್ಲಿನ ಕಾವಲುಗಾರರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಮತ್ತು ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದುಕೊಂಡರೆ ಅದನ್ನು ಒಪ್ಪುವುದಿಲ್ಲ. ನಮ್ಮ ಬಸ್ಸಿನ ಇಬ್ಬರು ಹೆಂಗಸರನ್ನು ಈ ಕಾರಣಕ್ಕೆ ಹಿಂದೆ ಕಳುಹಿಸಿದರು. ಬೌದ್ಧರ ಪವಿತ್ರ ದಿನಗಳಾದ ಶೀಲದ ದಿನಗಳಂದು ಬಾಕಾನ್ ಮುಚ್ಚಿರುತ್ತದೆ ಎಂಬುದನ್ನೂ ಗೈಡ್ ಹೇಳಿದ್ದು ಆಗಲೇ. ಸ್ವಂತ ವಾಹನವಿದ್ದಿದ್ದರೆ ಅವರಿಬ್ಬರೂ ಹೊರಗಿನ ಅಂಗಡಿಯಲ್ಲಿ ಒಂದು ಅಂಗಿ ಕೊಂಡು ಮತ್ತೆ ಬರಬಹುದಾಗಿತ್ತು, ಅಥವಾ ನಾಳೆ ನೋಡೋಣವೆಂದು ಮುಂದೆ ಹೋಗಬಹುದಾಗಿತ್ತು. ಒಂದು ದಿನದ ಟಿಕೆಟ್ ಹಿಡಿದು ಬಸ್ಸಿನಲ್ಲಿ ಬಂದವರಿಗೆ ಆ ನಾಳೆಯೇ ಇರಲಿಲ್ಲ. ಅದೇ ದಿನ ಮಧ್ಯಾಹ್ನದ ಬಫೆಗೆ ಮಾತ್ರ ಧಾರಾಳವಾಗಿ ಒಂದು ಗಂಟೆಗೂ ಹೆಚ್ಚು ಸಮಯ ಕೊಟ್ಟಿದ್ದರು.

ಟುಕ್‌ಟುಕ್ ಎಂದರೆ ಅಲ್ಲಿ ಮೋಟಾರ್‌ಸೈಕಲ್ಲಿಗೆ ಕಟ್ಟಿದ, ನಾಲ್ಕು ಜನ ಕೂರುವ ತೆರೆದ ಗಾಡಿ. ಇತ್ತೀಚೆಗೆ ನಮ್ಮ ಬಜಾಜ್ ಆಟೊಗಳೂ ಓಡಾಡುತ್ತಿವೆ, ಆದರೆ ದಿನವಿಡೀ ಸುತ್ತುವುದಕ್ಕೆ ಹಳೆಯ ಗಾಡಿಯೇ ಹಿತ. ಇದರ ನಿಜವಾದ ಲಾಭ ತಿಳಿಯುವುದು ಸೂರ್ಯೋದಯದ ನಂತರ. ಅಂಕೋರ್ ವಾಟ್‌ನ ಬಾಗಿಲು ಬೆಳಗಿನ ಐದಕ್ಕೇ ತೆರೆಯುತ್ತದೆ. ಕೊಳದ ದಡದಲ್ಲಿ ಕ್ಯಾಮೆರಾ ಹಿಡಿದು ನಿಂತ ಜನಸಾಗರವು ಸೂರ್ಯ ಮೇಲೇರುತ್ತಿದ್ದಂತೆ ತಿಂಡಿಗೆಂದು ಹೋಟೆಲುಗಳಿಗೆ ಮರಳುತ್ತದೆ. ಚಾಲಕರಿಗೆ ಇನ್ನೆರಡು ಗಂಟೆ ಕಾಯಲು ಹೇಳಿ, ಚೀಲದಲ್ಲಿದ್ದ ಬಾಳೆಹಣ್ಣು ತಿಂದು ನಾನು ಒಳಗೆ ಹೋದಾಗ ಮೊಗಸಾಲೆ ಬಹುತೇಕ ಖಾಲಿಯಿತ್ತು.

ಪಶ್ಚಿಮಾಭಿಮುಖವಾದ ಈ ದೇವಾಲಯದ ಕಥೆಗಳನ್ನು ಓದಲು ಪ್ರದಕ್ಷಿಣೆಗೆ ವಿರುದ್ಧವಾಗಿ, ಒಳಗೆ ಹೋದೊಡನೆ ಬಲಕ್ಕೆ ತಿರುಗಿ ನಡೆಯಬೇಕು. ಮೊದಲು ಸಿಗುವುದು ಕುರುಕ್ಷೇತ್ರ. ಶರಶಯ್ಯೆಯ ಮೇಲಿನ ಭೀಷ್ಮನನ್ನು ಯಾರೂ ತೋರಿಸದೆಯೇ ಗುರುತಿಸಬಹುದು. ದಕ್ಷಿಣದಲ್ಲಿ ದೇವಾಲಯವನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮನ ಸೈನ್ಯ, ಆಮೇಲೆ ಯಮನ ಆಸ್ಥಾನ, ಮೂಲೆ ತಿರುಗಿದರೆ ಪೂರ್ವದಲ್ಲಿ 49 ಮೀಟರ್ ಉದ್ದದ ಸಮುದ್ರಮಥನ: ವಾಸುಕಿಯನ್ನು ಎಳೆಯುವ 92 ಅಸುರರು, 88 ದೇವತೆಗಳು, ನಡುವೆ ವಿಷ್ಣು. ವಿಷ್ಣುವರ್ಧನನು ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಸೂರ್ಯವರ್ಮನು ಪಟ್ಟವೇರಿ ಕೆಲವೇ ವರ್ಷಗಳಾಗಿದ್ದವು. ಬೇಲೂರಿನಲ್ಲಿ ಕಣ್ಣು ಒಂದೊಂದೇ ಮೂರ್ತಿಯ ಮೇಲೆ ನಿಲ್ಲುತ್ತದೆ. ಇಲ್ಲಿ ಕಥೆ ಸೊಂಟದೆತ್ತರದಿಂದ ತಲೆಯ ಮೇಲಿನವರೆಗೆ ಗೋಡೆಯುದ್ದಕ್ಕೂ ಸಾಗುತ್ತಲೇ ಇರುತ್ತದೆ, ಮತ್ತು ಶತಮಾನಗಳಿಂದ ಕೈ ಸವರಿದ ಕಡೆ ಕಲ್ಲು ಎಣ್ಣೆ ಹಚ್ಚಿದಂತೆ ಕಪ್ಪಾಗಿ ಹೊಳೆಯುತ್ತದೆ. ಬಾಕಾನ್ ತೆರೆದಾಗ ಸಾಲಿನಲ್ಲಿ ನನ್ನ ಮುಂದೆ ಹೆಚ್ಚು ಜನರಿರಲಿಲ್ಲ.

ಹಣದ ಲೆಕ್ಕ: ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದನ್ನು ಹತ್ತು ದಿನಗಳೊಳಗೆ ಬಿಡಿಬಿಡಿಯಾಗಿಯೂ ಬಳಸಬಹುದು. ಟುಕ್‌ಟುಕ್ಕಿಗೆ ದಿನಕ್ಕೆ ಹದಿನೈದರಿಂದ ಇಪ್ಪತ್ತು ಡಾಲರ್, ಸೂರ್ಯೋದಯಕ್ಕೆ ಸ್ವಲ್ಪ ಹೆಚ್ಚು. ಇಬ್ಬರು ಹಂಚಿಕೊಂಡರೆ ಬಸ್ಸಿಗಿಂತ ದುಬಾರಿಯಲ್ಲ. ಚಾಲಕರು ಒಳಗೆ ಬಂದು ವಿವರಿಸುವಂತಿಲ್ಲ. ವಿವರಣೆ ಬೇಕಾದವರು ಪರವಾನಗಿ ಪಡೆದ ಗೈಡನ್ನು ಬೇರೆಯಾಗಿ ಗೊತ್ತುಮಾಡಬೇಕು, ಅದು ಟುಕ್‌ಟುಕ್ಕಿಗಿಂತ ಹೆಚ್ಚಿನ ಖರ್ಚು.

ಸೈಕಲ್ ಅಗ್ಗ, ರಸ್ತೆ ಸಮತಟ್ಟು, ಮರಗಳ ನೆರಳೂ ಇದೆ. ಮುಖ್ಯ ದೇವಾಲಯಗಳನ್ನು ಬಳಸಿ ಬರುವ 17 ಕಿಲೋಮೀಟರಿನ ಸಣ್ಣ ಸುತ್ತಿಗೆ, ಅದೂ ಡಿಸೆಂಬರ್ ಜನವರಿಯಲ್ಲಾದರೆ, ಸರಿ. ಆದರೆ ತುಳಿದು ಬೆವೆತು ಬಂದವನಿಗೆ ಬಾಯೋನ್ ದೇವಾಲಯದ ಗೋಪುರಗಳ ಮೇಲಿನ ಕಲ್ಲಿನ ಮುಖಗಳಿಗಿಂತ ಎಳನೀರಿನ ಅಂಗಡಿಯೇ ಮೊದಲು ಕಾಣುತ್ತದೆ.

ಪ್ಯಾಕೇಜಿನ ಸಂಜೆಯ ಅಪ್ಸರಾ ನೃತ್ಯವು ಬಫೆ ಹಾಲಿನಲ್ಲಿ, ತಟ್ಟೆ ಚಮಚಗಳ ಸದ್ದಿನ ನಡುವೆ ನಡೆಯಿತು. ನರ್ತಕಿಯರು ಬೆರಳುಗಳನ್ನು ಹಿಂದಕ್ಕೆ ಬಾಗಿಸುವ ಸೂಕ್ಷ್ಮತೆ ಮೂರನೇ ಮೇಜಿನಾಚೆಗೆ ಯಾರಿಗೂ ಕಾಣುವಂತಿರಲಿಲ್ಲ. ಮುಂದೊಂದು ಸಂಜೆ ನಾವೇ ಹುಡುಕಿಕೊಂಡು ಹೋದ ಸ್ಬೆಕ್ ಥೋಮ್ ಎಂಬ ದೊಡ್ಡ ತೊಗಲುಗೊಂಬೆಯಾಟ ಇದಕ್ಕಿಂತ ಎಷ್ಟೋ ಮೇಲು. ರಾಮಾಯಣದ ಖ್ಮೇರ್, ಅಂದರೆ ಕಾಂಬೋಡಿಯಾದ, ರೂಪವಾದ ರೀಮ್‌ಕೇರ್ ಅದರ ವಸ್ತು. ನಮ್ಮ ತೊಗಲುಗೊಂಬೆಗಳಿಗಿರುವ ಕೀಲುಗಳು ಅವಕ್ಕಿಲ್ಲ. ಆಳೆತ್ತರದ ಇಡೀ ತೊಗಲನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ಆಡಿಸುವವನೇ ಹೆಜ್ಜೆ ಹಾಕುತ್ತಾನೆ.

ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಅಥವಾ ಕೈಯಲ್ಲಿ ಒಂದೇ ದಿನವಿದ್ದರೆ ಬಸ್ಸು ಹಿಡಿಯಬಹುದು. ಉಳಿದವರು ಟುಕ್‌ಟುಕ್ ಗೊತ್ತುಮಾಡುವಾಗಲೇ ಬಾಂಟೆಯ್ ಸ್ರೇಯ್‌ನ ದರವನ್ನೂ ಮಾತಾಡಿಕೊಳ್ಳಿ. ಕ್ರಿ.ಶ. 967ರ ಈ ಶಿವಾಲಯ ಮುಖ್ಯ ಗುಂಪಿನಿಂದ ದೂರವಿದೆ, ನಮ್ಮ ಬಸ್ಸಿನ ಪಟ್ಟಿಯಲ್ಲಿ ಇರಲೇ ಇಲ್ಲ. ನಸುಗೆಂಪು ಕಲ್ಲಿನಲ್ಲಿ ಕೈಲಾಸವನ್ನು ಅಲುಗಾಡಿಸುವ ರಾವಣನನ್ನು ನೋಡಲು ಹೆಚ್ಚುವರಿ ಡಾಲರುಗಳನ್ನು ಕೊಡಬಹುದು. ಹರಿದ ನೋಟುಗಳನ್ನು ಮಾತ್ರ ಒಯ್ಯಬೇಡಿ, ಅಲ್ಲಿ ಯಾರೂ ಅವನ್ನು ಮುಟ್ಟುವುದಿಲ್ಲ.